ಬಲಗಡೆಯ ಪರ್ಮಿಟ್

ಫೆಬ್ರವರಿ 9, ಸೋಮವಾರ

ಲ್ಯಾಬ್‌ನಲ್ಲಿ ಇವತ್ತು ಮೂರು ಸೆಟ್ ಕಟ್ಟುಹಲ್ಲು. ಒಂದಕ್ಕೆ ಮೇಣ ಸರಿಯಾಗಿ ಕೂರಲಿಲ್ಲ, ಮತ್ತೆ ಕರಗಿಸಿದೆ. ಊರವರ ನಗುವೆಲ್ಲ ನನ್ನ ಮೇಜಿನ ಮೇಲೆ. ಮಾತಾಡಿಸಲು ಮಾತ್ರ ಒಬ್ಬರೂ ಇಲ್ಲ. ಮನೆಗೆ ಬಂದು ನಿನ್ನೆಯದನ್ನೇ ಬಿಸಿ ಮಾಡಿ ತಿಂದೆ. ಫೋನ್ ನೋಡಿದೆ. ತಮ್ಮನದು ಇಲ್ಲ. ಜಗಳವಾಗಿ ತಿಂಗಳಾಯಿತು.

ಯಾತಕ್ಕೆ ಜಗಳ ಅಂದರೆ ಕೇಳಿದವರು ನಕ್ಕಾರು. ಒಂದು ಬೆಟ್ಟಕ್ಕೆ. ಮೂರು ದೇಶಗಳ ಮೇಲೆ ಮೈಚಾಚಿ ಕೂತಿರುವ ಆ ಬೆಟ್ಟವನ್ನು ನಡೆದೇ ಒಂದು ಸುತ್ತು ಹಾಕಬೇಕೆಂದು ಚಿಕ್ಕಂದಿನಿಂದ ಇಬ್ಬರಿಗೂ ಆಸೆ. ಬಲಗಡೆಯಿಂದ ಹೋದರೆ ಏರು ಮೆತ್ತಗೆ — ನನ್ನ ವಾದ. ಎಡಗಡೆಯಿಂದ ಹೋದರೆ ಬಿಸಿಲು ಬೆನ್ನಿಗೆ — ಅವನದು. ಮಾತಿಗೆ ಮಾತು ಬೆಳೆಯಿತು. "ನಿನ್ನ ದಾರಿ ನಿಂಗೆ, ನನ್ನ ದಾರಿ ನಂಗೆ" ಅಂದು ಫೋನ್ ಇಟ್ಟ. ಇಟ್ಟವನು ಇಟ್ಟೇ ಬಿಟ್ಟ.

ಅವನನ್ನು ಬಿಟ್ಟರೆ ನನಗೆ ಯಾರೂ ಇಲ್ಲ. ಅದು ಅವನಿಗೂ ಗೊತ್ತು.

ಫೆಬ್ರವರಿ 22, ಭಾನುವಾರ

ಅಟ್ಟದಿಂದ ಸಾಮಾನು ಇಳಿಸಿದೆ. ಡೇರೆ ಬಟ್ಟೆ ನನ್ನ ಹತ್ತಿರ, ಅದರ ಕೋಲುಗಳು ಅವನ ಹತ್ತಿರ. ಸ್ಟೌ ಅವನಲ್ಲಿ, ಪಾತ್ರೆ ನನ್ನಲ್ಲಿ. ಭಾರ ಹಂಚಿಕೊಳ್ಳೋಣ ಅಂತ ಹಾಗೆ ಇಟ್ಟುಕೊಂಡಿದ್ದು. ಈಗ ಎರಡು ಮನೆಯಲ್ಲೂ ಅರ್ಧರ್ಧ ಸಾಮಾನು, ಯಾವುದೂ ಕೆಲಸಕ್ಕೆ ಬಾರದು.

ಬಟ್ಟೆಯನ್ನು ಹಾಲ್‌ನಲ್ಲಿ ಹರಡಿದೆ. ಮತ್ತೆ ಮಡಚಿದೆ. ದಾರಿಯುದ್ದಕ್ಕೂ ತಂಗುಮನೆಗಳಿವೆಯಂತೆ. ಒಬ್ಬಳೇ ಹೋಗುತ್ತೇನೆ.

ಮಾರ್ಚ್ 10, ಮಂಗಳವಾರ

ರಜೆ ಹಾಕಿ ಪರ್ಮಿಟ್ ಕಚೇರಿಗೆ ಹೋದೆ. ಗಾಜಿನ ಕಿಟಕಿಯ ಆಚೆ ಹಿರಿಯ ಗುಮಾಸ್ತರು, ಮೂಗಿನ ತುದಿಯಲ್ಲಿ ಕನ್ನಡಕ. ನಮ್ಮ ಗಡಿ ದಾಟಿ ಎರಡನೇ ದೇಶಕ್ಕೆ ಒಂದು ಪರ್ಮಿಟ್, ಅಲ್ಲಿಂದ ಮೂರನೆಯದಕ್ಕೆ ಇನ್ನೊಂದು. ಯಾವ ದಿನ, ಯಾವ ಕಡೆಯಿಂದ... ಬರೆದಂತೆಯೇ ನಡೆಯಬೇಕು.

"ಹೇಳಿದ ದಿನ ದಾಟದಿದ್ರೆ?"

"ಪರ್ಮಿಟ್ ಸತ್ತ ಹಾಗೆ. ಮುಂದಕ್ಕೆ ಬಿಡಲ್ಲ."

"ವಾಪಸ್ ಬರೋಕೆ?"

"ಸ್ವಂತ ದೇಶಕ್ಕೆ ಬರೋಕೆ ಯಾರ ಪರ್ಮಿಟ್ ಬೇಕಮ್ಮಾ? ಹೋದ ದಾರೀಲೇ ಬಂದ್ಬಿಡಿ."

ಅರ್ಜಿ ಓದುತ್ತ ತಲೆ ಎತ್ತಿದರು. "ಇದೇ ಮನೆ ಹೆಸರಿನವರು ಮೊನ್ನೆ ಬಂದಿದ್ರು. ಎಡಗಡೆಯಿಂದ ಹೋಗ್ತಾರಂತೆ. ನಿಮ್ಮವರಾ?"

"ತಮ್ಮ."

"ಒಟ್ಟಿಗೆ ಹೋಗೋಕೆ ಏನಾಗಿತ್ತು ಇಬ್ಬರಿಗೂ?"

ಅವನು ಹೊರಡುವುದು ಯಾವತ್ತು ಅಂತ ಕೇಳಿದೆ. "ಹೇಳೋ ಹಾಗಿಲ್ಲ" ಅಂದರು. ಪೆನ್ನಿನ ತುದಿ ಮಾತ್ರ ಕ್ಯಾಲೆಂಡರಿನಲ್ಲಿ ಜೂನ್ 20ರ ಮೇಲೆ ಹೋಗಿ ನಿಂತಿತು. ನಾನೂ ಅದೇ ದಿನ ಬರೆದೆ. ಕಡೆ ಬದಲಿಸಲಿಲ್ಲ. ಹಟ ಅನ್ನುವುದು ನಮ್ಮಿಬ್ಬರಿಗೂ ಧಾರಾಳವಾಗಿದೆ.

ಮನೆಗೆ ಬಂದು ನಕ್ಷೆಯ ಮೇಲೆ ಬೆರಳಿಟ್ಟು ನಡೆದೆ. ನಾವಿಬ್ಬರು ಎದುರಾಗುವುದು ಎರಡನೇ, ಮೂರನೇ ದೇಶಗಳ ನಡುವಿನ ಗಡಿಯಲ್ಲಿ. ಜೂನ್ 24. ಒಂದು ಗೇಟು. ಮುದ್ರೆ ಹಾಕಿಸಿಕೊಂಡು ಅವನ ಪಾಡಿಗೆ ಅವನು, ನನ್ನ ಪಾಡಿಗೆ ನಾನು.

ಏಪ್ರಿಲ್ 30, ಗುರುವಾರ

ಪರ್ಮಿಟ್ ಬಂತು! ಕುಣಿಯಬೇಕಿತ್ತು. ಯಾರೆದುರು ಕುಣಿಯಲಿ? ಸೆಟ್ ಒಯ್ಯಲು ಬಂದ ಹಲ್ಲಿನ ಡಾಕ್ಟರಿಗೆ ತೋರಿಸಿದೆ. "ಒಬ್ರೇನಾ? ಧೈರ್ಯ ಬಿಡಿ ನಿಮ್ದು" ಅಂದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಬೇರೆ ಗತಿಯಿಲ್ಲ ಅಷ್ಟೆ.

ಸಂಜೆ ಅವನ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಜೂನ್ 21, ಭಾನುವಾರ — ತಂಗುಮನೆ

ಮೊದಲ ಗಡಿ ದಾಟಿದೆ. ಏರು ಮೆತ್ತಗಿದೆ, ನಾನು ಹೇಳಿದಂತೆಯೇ. ಬಿಸಿಲು ಮುಖಕ್ಕೇ ರಾಚುತ್ತದೆ, ಅವನು ಹೇಳಿದಂತೆಯೇ. "ನೀನು ಹೇಳಿದ್ದೂ ಸರಿ ಕಣೋ" ಅನ್ನಲು ಪಕ್ಕಕ್ಕೆ ತಿರುಗಿದೆ. ಯಾರಿದ್ದಾರೆ ಅಲ್ಲಿ? ಅಳು ಬಂತು. ನೋಡುವವರಿಲ್ಲವಲ್ಲ, ಅತ್ತುಬಿಟ್ಟೆ.

ಇಲ್ಲಿಯ ಯಜಮಾನಿ "ಎಷ್ಟು ಜನ?" ಅಂದಳು. ಒಂದು ಬೆರಳು ತೋರಿಸಿದೆ. ಚೀಲದಲ್ಲಿ ಕೋಲಿಲ್ಲದ ಡೇರೆ ಇದೆ. ಯಾಕೆ ಹೊತ್ತು ತಂದೆನೋ.

ಜೂನ್ 23, ಮಂಗಳವಾರ

ನಾಳೆ ಮುದ್ರೆ ಹಾಕಿಸಿಕೊಳ್ಳುವುದಿಲ್ಲ. ಪರ್ಮಿಟ್ ಸಾಯಲಿ. ಅವನು ಗಡಿ ದಾಟಿ ಈ ಕಡೆ ಬಂದಮೇಲೆ ಅವನ ಜೊತೆಯೇ ನಾನು ಬಂದ ದಾರಿಯಲ್ಲಿ ಮನೆಗೆ ನಡೆಯುತ್ತೇನೆ, ಅವನು ಸುತ್ತುವ ಕಡೆಗೇ. ನನ್ನ ಸುತ್ತು ಅರ್ಧಕ್ಕೆ ನಿಲ್ಲುತ್ತದೆ. ನಿಲ್ಲಲಿ.

ಮೂತಿ ಊದಿಸಿಕೊಂಡು ಹಾಗೇ ಮುಂದೆ ಹೋದರೆ? ಹೋಗಲಿ, ಹಿಂದೆ ಹಿಂದೆ ನಡೆಯುತ್ತೇನೆ.

ಜೂನ್ 24, ಬುಧವಾರ — ಮಧ್ಯಾಹ್ನ ಒಂದು

ಗಡಿ ಠಾಣೆ. ದಾರಿಗೆ ಅಡ್ಡವಾಗಿ ಉದ್ದ ಕಲ್ಲುಕಟ್ಟಡ, ನಡುವೆ ಗೇಟು. ಆಚೆ ಬರೀ ಮಂಜು, ಏನೂ ಕಾಣದು. ಈಚೆ ಬೆಂಚಿನಲ್ಲಿ ಕೂತಿದ್ದೇನೆ. ಕಾವಲುಗಾರ ಮುದ್ರೆ ಹಿಡಿದು ಬಂದ. ಆಮೇಲೆ ಅಂದೆ.

"ನಾಲ್ಕಕ್ಕೆ ಗೇಟ್ ಹಾಕ್ತೀವಮ್ಮಾ."

ಗೊತ್ತು ಅಂದೆ.

ಮೂರೂಮುಕ್ಕಾಲು

ಬಂದಿಲ್ಲ. ಕೈ ಮರಗಟ್ಟಿ ಅಕ್ಷರ ಸೊಟ್ಟ. ಹೊರಟೇ ಇಲ್ಲವೇನೋ... ನನ್ನನ್ನು ಮರೆತೇ ಬಿಟ್ಟನೇನೋ...

ಕಾವಲುಗಾರ ಸಿಡಿಮಿಡಿಗುಟ್ಟುತ್ತ ಬಂದ. "ಏನು ಗ್ರಹಚಾರಾನೋ ನಂದು! ಈ ಕಡೆ ನೀವು. ಆ ಕಡೆ ಬೆಂಚಲ್ಲಿ ಇನ್ನೊಬ್ರು, ಬೆಳಿಗ್ಗೆಯಿಂದ ಕೂತಿದ್ದಾರೆ. ಮುದ್ರೆ ಬೇಡವಂತೆ. ಅಕ್ಕ ಇವತ್ತು ಬರ್ತಾಳೆ ಅಂತ ಕಚೇರಿ ಗುಮಾಸ್ತರು ಹೇಳಿದ್ರಂತೆ. ಅವಳು ಆ ಕಡೆ ದಾಟಿದ್ಮೇಲೆ ಅವಳ ಜೊತೆ ಅವಳ ದಾರೀಲೇ ವಾಪಸ್ ಹೋಗ್ತಾರಂತೆ."

"ಅವರ ಹತ್ರ ಡೇರೆ ಕೋಲು ಇದ್ಯಾ?"

"ಇದೆ. ಬಟ್ಟೆ ಇಲ್ದೆ ಬರೀ ಕೋಲು ಯಾಕ್ರೀ ಅಂತ ನಾನೇ ಕೇಳ್ದೆ."

ಇಬ್ಬರೂ ಸೋಲಲೆಂದು ಬಂದು ಕೂತಿದ್ದೇವೆ, ಒಂದೇ ಕಟ್ಟಡದ ಆಚೆ ಈಚೆ. ಕತ್ತೆಗಳು. ನಗು ಬರುತ್ತಿದೆ, ಕಣ್ಣಲ್ಲಿ ನೀರೂ ಬರುತ್ತಿದೆ. "ಯಾರಾದ್ರೂ ಒಬ್ರು ದಾಟ್ರಪ್ಪಾ" ಎನ್ನುತ್ತ ಕಾವಲುಗಾರ ಗೇಟಿನಲ್ಲಿ ಮುದ್ರೆ ಹಿಡಿದು ನಿಂತಿದ್ದಾನೆ.

ಮಂಜಿನೊಳಗಿಂದ ಕೂಗು. "ಅಕ್ಕಾ, ಬಲಗಡೆಯಿಂದಾನೇ ಹೋಗೋಣ, ಬಾರೇ!"

ಅಯ್ಯೋ, ಎದ್ದ. ಬೂಟಿನ ಸದ್ದು. ನಾನು ಏಳಲಿಲ್ಲವೆಂದು ತಾನೇ ಗೇಟಿಗೆ ಬರುತ್ತಿದ್ದಾನೆ, ಮುದ್ರೆ ಹಾಕಿಸಿಬಿಡುತ್ತಾನೆ. ಬೇಡ ಕಣೋ, ಅಲ್ಲೇ ಇರು, ನಾನೇ ದಾಟಿ