ಅವ್ವನ ಮೈಗೆ ಬಂದ ಮೂರು ಕಿಲೋ

ಸಂತೆಕಟ್ಟೆ,
೨೧ ಜುಲೈ ೨೦೦೨, ಭಾನುವಾರ

ಪ್ರೀತಿಯ ಸಂಗಮೇಶಣ್ಣಾ,

ಹೇಗಿದ್ದೀಯ? ಗಡಿಯ ಬಿಸಿಗಾಳಿಗೆ ತುಟಿಯೆಲ್ಲ ಒಡೆದಿದೆ ಎಂದು ಬರೆದಿದ್ದೆ. ತುಪ್ಪ ಸಿಗದಿದ್ದರೆ ಕೊಬ್ಬರಿ ಎಣ್ಣೆಯನ್ನಾದರೂ ಹಚ್ಚಿಕೋ, ಸಂಕೋಚ ಮಾಡಬೇಡ. ಇಲ್ಲಿ ಮಳೆ ಬಿಟ್ಟಿಲ್ಲ. ಅಪ್ಪನಿಗೆ ಮಣಿಪಾಲದಲ್ಲಿ ವಾರಕ್ಕೆ ಮೂರು ದಿನ ಮಾತ್ರ ಗಾರೆ ಕೆಲಸ. ನಾನು ಬನ್ನಂಜೆಯ ಬಟ್ಟೆ ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ.

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ, ಒಂದು ಸಾಲು ಬಿಟ್ಟು. ಆಪರೇಷನ್ ಚೆನ್ನಾಗಿ ಆಯಿತು ಎಂದು ಬರೆದವರು ಹದಿನೈದು ದಿನಕ್ಕೆ ಅವ್ವ ಹೋದಳೆಂದು ಟೆಲಿಗ್ರಾಮ್ ಕೊಟ್ಟಿರಿ, ನಡುವೆ ಏನಾಯಿತು ಎಂದು ಆ ಸಾಲಿನಲ್ಲಿ ಕೇಳಿದ್ದೀಯ. ಎಲ್ಲರ ರಜೆ ರದ್ದಾಗಿ ನೀನು ಅಲ್ಲೇ ಉಳಿದೆ, ಅವ್ವನಿಗೆ ಮಣ್ಣು ಹಾಕಲೂ ಬರಲಾಗಲಿಲ್ಲ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಮಾರ್ಚ್‌ನಲ್ಲಿ ಅವ್ವ ಕಲ್ಲು ಹೊರುವಾಗ ಏದುಸಿರು ಬಂದು ಕುಸಿದದ್ದು ನಿನಗೆ ಗೊತ್ತಲ್ಲ. ಚಿಕ್ಕವಳಿದ್ದಾಗ ಬಂದ ಕೀಲು ಜ್ವರದಿಂದ ಹೃದಯದ ವಾಲ್ವ್ ಹಾಳಾಗಿದೆ, ಬದಲಿಸಬೇಕು ಎಂದರು ಮಣಿಪಾಲದ ಡಾಕ್ಟರು. ಆದರೆ ಅವ್ವನ ತೂಕ ಮೂವತ್ತಾರು ಕಿಲೋ. "ಇಷ್ಟು ಸಣಕಲು ದೇಹ ಆಪರೇಷನ್ ತಡೆಯುವುದು ಕಷ್ಟ. ಎರಡು ತಿಂಗಳಲ್ಲಿ ನಲವತ್ತಕ್ಕಾದರೂ ತನ್ನಿ. ನಡುವೆ ಏನು ತೊಂದರೆ ಕಂಡರೂ ಕೂಡಲೇ ಬನ್ನಿ" ಎಂದು ಮಾತ್ರೆ ಬರೆದುಕೊಟ್ಟರು.

ಅಂದಿನಿಂದ ಅಪ್ಪ ಬೇರೆಯೇ ಮನುಷ್ಯನಾದ ಅಣ್ಣಾ. ಒಂದು ಲೋಟ ನೀರನ್ನೂ ತಾನಾಗಿ ತೆಗೆದುಕೊಳ್ಳದವನು ಜೋಳದ ಹಿಟ್ಟು ನಾದಲು ಕೂತ. ಅವನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಅದಕ್ಕೆ ಬೆಣ್ಣೆ ಸವರಿ, ಶೇಂಗಾ ಉಂಡೆ ಕಟ್ಟಿ, ಎರಡು ಹೊತ್ತು ಹಾಲು ಕಾಸಿ ಅವ್ವನ ಮುಂದೆ ಇಟ್ಟು ಕಾಯುತ್ತಿದ್ದ. ಅವ್ವ ನಾಲ್ಕು ತುತ್ತಿಗೇ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. "ಇನ್ನೊಂದ್ ತುತ್ತು, ಯಮನವ್ವಾ" ಎಂದು ಅಪ್ಪ ಬೇಡುತ್ತಿದ್ದ. ಅವನು ಅವ್ವನ ಹೆಸರು ಹಿಡಿದು ಕರೆದದ್ದನ್ನು ನೀನು ಯಾವತ್ತಾದರೂ ಕೇಳಿದ್ದೀಯಾ?

ಪ್ರತಿ ಭಾನುವಾರ ಜಂಕ್ಷನ್ನಿನ ಮ್ಯಾಕ್ಸಿಮ್ ಪೊರ್ಬುಗಳ ಅಂಗಡಿಯಲ್ಲಿ, ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ಅವ್ವನನ್ನು ನಿಲ್ಲಿಸುತ್ತಿದ್ದೆವು. ಎರಡು ವಾರ ಮುಳ್ಳು ಅಲುಗಲಿಲ್ಲ. ಆಮೇಲೆ ಮೂವತ್ತೇಳು, ಮೂವತ್ತೆಂಟು. ಏಪ್ರಿಲ್ ಕೊನೆಗೆ ಮೂವತ್ತೊಂಬತ್ತು! "ಎಂತ ಚಂದಪ್ಪ, ನಿನ್ನ ರೊಟ್ಟಿಯಲ್ಲಿ ಎಂತ ಉಂಟು ಮಾರಾಯ? ಮೂರು ಕಿಲೋ ಜಾಸ್ತಿ!" ಎಂದು ಪೊರ್ಬುಗಳು ಬೆನ್ನು ತಟ್ಟಿದರು. ಅಪ್ಪ ಅಂಗಡಿಯಲ್ಲಿದ್ದವರಿಗೆಲ್ಲ ಬೆಲ್ಲ ಹಂಚಿದ.

ಮೇ ಎರಡನೇ ವಾರ ಡಾಕ್ಟರ ಬಳಿ ಹೋದೆವು. ಅವರು ಕೇಳುವ ಮೊದಲೇ ಅಪ್ಪ ಅವ್ವನ ತೂಕ ಹೇಳಿದ. ಡಾಕ್ಟರು ಅವ್ವನ ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. "ಇದು ಮಾಂಸ ಅಲ್ಲ, ನೀರು. ಹೃದಯ ಸೋಲ್ತಾ ಉಂಟು" ಎಂದರು. ಅಪ್ಪನ ಮುಖವನ್ನು ನಾನು ನೋಡಬಾರದಿತ್ತು. ಅಂದೇ ಸೇರಿಸಿಕೊಂಡು ಮದ್ದು ಕೊಟ್ಟು ನೀರು ಇಳಿಸಿದರು. ಉಳಿದದ್ದು ಮೂವತ್ತನಾಲ್ಕು ಕಿಲೋ ಅವ್ವ. ಇನ್ನು ಕಾಯುವ ಹಾಗಿರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಕಾರ್ಕಳದ ತೆರೆಸಾಬಾಯಿ ಇದ್ದರು, ಎಂಬತ್ತೆರಡು ಕಿಲೋ. ಅವರಿಗೂ ಅದೇ ವಾರ ಹೃದಯದ ಆಪರೇಷನ್. ಅವರ ಮನೆಯವರೆಲ್ಲ ಆ ಮೈ ನೋಡಿಯೇ ಹೆದರಿ ಜಪಮಾಲೆ ಹಿಡಿದು ಕೂತಿದ್ದರು. ನಮ್ಮ ಅವ್ವನನ್ನು ತೋರಿಸಿ, "ಇವರು ಹಗುರ ಇದ್ದಾರೆ, ಬೇಗ ಏಳ್ತಾರೆ" ಎನ್ನುತ್ತಿದ್ದರು. ಐದನೇ ದಿನ ತೆರೆಸಾಬಾಯಿ ವಾರ್ಡಿನಲ್ಲಿ ನಡೆದಾಡಿದರು.

ಅವ್ವನ ಆಪರೇಷನ್ ಚೆನ್ನಾಗಿಯೇ ಆಗಿತ್ತು, ನಾವು ಸುಳ್ಳು ಬರೆಯಲಿಲ್ಲ. ಮೂರನೇ ದಿನ ಉಸಿರಿನ ನಳಿಗೆ ತೆಗೆದಾಗ ಅವಳು ಕಣ್ಣು ಬಿಟ್ಟು, ನಿನಗೆ ಕಾಗದ ಹಾಕು ಎಂದು ಸನ್ನೆ ಮಾಡಿದಳು. ಅದೇ ಸಂಜೆ ಬರೆದದ್ದು. ಹೊಸ ವಾಲ್ವ್ ಕೈಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವುದು ಹತ್ತಿರ ಹೋದರೆ ಕೇಳುತ್ತಿತ್ತು. ಆಮೇಲೆ ಕಫ ಕಟ್ಟಿತು. ಕೆಮ್ಮಿ ಹೊರಹಾಕಲು ಅವಳಲ್ಲಿ ಬಲವಿರಲಿಲ್ಲ. ಜ್ವರ ಬಂತು, ನಳಿಗೆ ಮತ್ತೆ ಹಾಕಿದರು. ಎದೆಯ ಗಾಯ ಕೂಡಿಕೊಳ್ಳಲಿಲ್ಲ. "ದಪ್ಪ ಇದ್ದವರಿಗೂ ಅಪಾಯ ಉಂಟಮ್ಮ. ಆದರೆ ಆಪರೇಷನ್ ಆದ ಮೇಲೆ ದೇಹ ತಾನು ಕೂಡಿಟ್ಟದ್ದನ್ನು ತಿಂದು ಚೇತರಿಸಬೇಕು. ಇವರಲ್ಲಿ ಕೂಡಿಟ್ಟದ್ದು ಏನೂ ಇಲ್ಲ" ಎಂದರು ಡಾಕ್ಟರು. ಹದಿನೆಂಟನೇ ದಿನ ಮಧ್ಯಾಹ್ನ ಅವ್ವ ಹೋದಳು. ಇಪ್ಪತ್ತು ವರ್ಷ ಕಲ್ಲು ಹೊತ್ತು, ತನ್ನ ತುತ್ತು ನಮಗೆ ಹಾಕಿದವಳಲ್ಲಿ ಕೂಡಿಟ್ಟದ್ದು ಎಲ್ಲಿಂದ ಬರಬೇಕು ಅಣ್ಣಾ?

ತೆರೆಸಾಬಾಯಿ ಕಳೆದ ವಾರ ಕಾರ್ಕಳದಿಂದ ಬಸ್ಸಿನಲ್ಲಿ ಬಂದಿದ್ದರು. "ನನ್ನ ಮೈಯಿಂದ ಹತ್ತು ಕಿಲೋ ನಿನ್ನ ಅಮ್ಮನಿಗೆ ಕೊಡ್ಲಿಕ್ಕೆ ಆಗ್ತಿದ್ರೆ ಕೊಡ್ತಿದ್ದೆ ಮಗಾ" ಎಂದು ನನ್ನ ಕೈ ಹಿಡಿದು ಅತ್ತರು. ಅಪ್ಪ ಅವರಿಗೆ ಚಹಾ ಮಾಡಿಕೊಟ್ಟು ಹೊರಗೆ ಹೋಗಿ ಮಳೆಯಲ್ಲಿ ನಿಂತ.

ಮ್ಯಾಕ್ಸಿಮ್ ಪೊರ್ಬುಗಳು ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಅಪ್ಪನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು, ಜೋಪಾನ.

ನಿನ್ನ ತಂಗಿ,
ಶಶಿಕಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯುತ್ತೇನೆ, ಅಪ್ಪ ಬರುವ ಹೊತ್ತಾಯಿತು. ಯುಗಾದಿಯ ದಿನ ಅವ್ವನ ಕಾಲಿಗೆ ಎಣ್ಣೆ ತಿಕ್ಕುವಾಗ ನನ್ನ ಬೆರಳು ಒತ್ತಿದಲ್ಲೆಲ್ಲ ಗುಳಿ ಬಿದ್ದಿತ್ತು. ನಾನು ಹೆದರಿದೆ. "ನಿಮ್ಮಪ್ಪಗ ಹೇಳಬ್ಯಾಡ ಯವ್ವಾ, ಭಾಳ ದಿನಕ್ಕ ನಗಾಕತ್ತಾನ, ನಗಲಿ" ಎಂದಳು ಅವ್ವ. ನಾನು ಹೇಳಲಿಲ್ಲ. ಅಂದೇ ಆಸ್ಪತ್ರೆಗೆ ಹೋಗಿದ್ದರೆ ನಾಲ್ಕು ವಾರ ಸಿಗುತ್ತಿತ್ತು. ಅಪ್ಪ ದಿನವೂ "ನಾ ಆಕಿ ಕಾಲ ನೋಡಲಿಲ್ಲಲ್ಲ" ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ, ನಾನು ಸುಮ್ಮನೆ ಕೇಳುತ್ತ ಕೂರುತ್ತೇನೆ. ನಿನಗೆ ರಜೆ ಸಿಕ್ಕ ದಿನ ಅವನಿಗೆ ಹೇಳುತ್ತೇನೆ. ಆಗ ನೀನು ನನ್ನ ಪಕ್ಕದಲ್ಲಿ ಕೂತಿರುತ್ತೀಯಾ ಅಣ್ಣಾ?