ಮರ್ಲೀನ್ ಹೆಣೆದ ತಪ್ಪು ಜಡೆ

ಅಮ್ಮಾ,

ನೀನು ಹೋಗಿ ಎಂಟು ವರ್ಷವಾದರೂ ಇವತ್ತಿನ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕು. ಬ್ರಿಸ್ಟಲ್‌ನ ನಮ್ಮ ಬೀದಿಯಲ್ಲಿ ಮರ್ಲೀನ್‌ಳ ಜಡೆ ಹೆಣೆಯುವ ಅಂಗಡಿಯಿದೆಯಲ್ಲ, ಅಲ್ಲಿ ಶನಿವಾರ ಶನಿವಾರ ನಾನು ಮಕ್ಕಳಿಗೆ ಕಥೆ ಓದುತ್ತೇನೆ. ಜಡೆ ಮುಗಿಯುವ ತನಕ ಯಾರೂ ಎದ್ದು ಹೋಗುವಂತಿಲ್ಲ. ಇಂಥ ಕೇಳುಗರು ಯಾವ ಕಥೆಗಾರರಿಗೆ ಸಿಕ್ಕಾರು!

ಇವತ್ತಿನ ಪುಸ್ತಕದಲ್ಲಿ ನಮ್ಮಂತೆಯೇ ಗುಂಗುರು ಕೂದಲಿನ ಕಪ್ಪು ಹುಡುಗಿ. ತಲೆಯ ಸುತ್ತ ಕಿರೀಟದಂಥ ಜಡೆ, ಅದರ ತುಂಬ ಹಳದಿ ಮಣಿ. ಉಕ್ಕಿ ಬಂದ ಸಮುದ್ರವನ್ನೇ ಬೈದು ಹಿಂದಕ್ಕೆ ಅಟ್ಟುತ್ತಾಳೆ. ಚಿತ್ರ ನೋಡುತ್ತಾ ಮೈಮರೆತ ಮರ್ಲೀನ್, ಆರು ವರ್ಷದ ಜೋನೆಲ್‌ಗೆ ಅದೇ ಜಡೆ ಹೆಣೆದುಬಿಟ್ಟಳು. ತಾಯಿ ಶಾನೆಟ್ ನಾಳೆಯ ಮದುವೆಗೆಂದು ಹೇಳಿ ಹೋಗಿದ್ದು ನೆತ್ತಿಗಂಟಿದಂತೆ ಹೆಣೆಯುವ ನೇರ ಸಾಲುಜಡೆ.

“ಏನೇ ಮರ್ಲೀನ್, ಕಣ್ಣು ಎಲ್ಲಿಟ್ಟಿದ್ದೆ? ಬಿಚ್ಚು ಅದನ್ನ!” ಎಂದಳು ಮಗಳನ್ನು ಕರೆದೊಯ್ಯಲು ಬಂದ ಶಾನೆಟ್.

“ಕಥೇಲಿ ಇಟ್ಟಿದ್ದೆ ಕಣೇ. ಬೈಯೋದಾದ್ರೆ ಓದಿದ ಆಂಟೀನ ಬೈ.”

ಜೋನೆಲ್ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. “ಬಿಚ್ಚಬೇಡ ಮಮ್ಮಿ! ಸಮುದ್ರ ಬಂದ್ರೆ ಯಾರು ಬೈತಾರೆ?”

ಶಾನೆಟ್ ಪುಸ್ತಕ ಕಿತ್ತುಕೊಂಡು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ತಾನೇ ಕುರ್ಚಿಯಲ್ಲಿ ಕೂತು, “ನಂಗೂ ಹಂಗೇ ಹಾಕು. ಮಣಿ ಜಾಸ್ತಿ ಇರ್ಲಿ,” ಎಂದಳು. ಅಂಗಡಿಗೆ ಅಂಗಡಿಯೇ ನಕ್ಕಿತು.

ಕೊನೆಗೆ ಮರ್ಲೀನ್ ನನ್ನ ನರೆತ ತಲೆಗೂ ಕೈ ಹಾಕಿದಳು. ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, ನಾನು ನೆಲದಲ್ಲಿ ಅವಳ ಮಂಡಿಗಳ ನಡುವೆ ಕೂತೆ. ನೀನು ನನ್ನನ್ನು ಹಾಗೇ ಕೂರಿಸಿಕೊಂಡು ಜಡೆ ಹೆಣೆಯುತ್ತಾ ಕಥೆ ಹೇಳುತ್ತಿದ್ದೆ. ಹನ್ನೊಂದನೇ ವಯಸ್ಸಿಗೆ ನಾನು ಕೂದಲು ನೇರ ಮಾಡಿಸಿಕೊಂಡು ಬಂದೆ; ಮತ್ತೆ ಜಡೆಗೆಂದು ನಿನ್ನ ಮುಂದೆ ಕೂರಲಿಲ್ಲ. ಆ ವಾರ ನೀನು ಅರ್ಧಕ್ಕೆ ನಿಲ್ಲಿಸಿದ್ದ ಕಥೆಯಲ್ಲಿ ಮುಂದೇನಾಯಿತೆಂದು ನಾನು ಕೇಳಲೇ ಇಲ್ಲ.