ಚೆನ್ನಾಗಿದ್ದೀನಿ ಎಂದವರು

ಅಪ್ಪಾ,

ಇವತ್ತು ಮಧ್ಯಾಹ್ನ ಲಾರಿಗೆ ಗುದ್ದಿಕೊಂಡ ಬೋಡಾ ಎಂಬ ಬಾಡಿಗೆ ಬೈಕಿನ ಸವಾರ ಸೆಮ್ವಾಂಗ ನಮ್ಮ ತುರ್ತು ವಿಭಾಗಕ್ಕೆ ನಡೆದುಕೊಂಡೇ ಬಂದ. ಹೇಗಿದ್ದೀಯ ಎಂದರೆ ಸಾಯುತ್ತಿರುವವನೂ ‘ಚೆನ್ನಾಗಿದ್ದೀನಿ’ ಎನ್ನುವ ಊರು ನಮ್ಮ ಕಂಪಾಲಾ. ಆ ಮಾತನ್ನು ನಂಬುವುದನ್ನು ನಾನು ಬಿಟ್ಟು ಒಂಬತ್ತು ವರ್ಷವಾಯಿತು.

“ಮಲಕ್ಕೋ, ಹೊಟ್ಟೆ ಸ್ಕ್ಯಾನ್ ಮಾಡ್ತೀನಿ,” ಎಂದೆ.

“ನಾನೇನು ಬಸುರೀನಾ? ಚೆನ್ನಾಗೇ ಇದ್ದೀನಿ, ಬಿಡಕ್ಕಾ,” ಎಂದು ನಕ್ಕ.

ಆ ನಗುವಿನಿಂದ ನನ್ನ ಅನುಮಾನ ಇನ್ನಷ್ಟು ಬಲವಾಯಿತು. ಪರದೆಯ ಮೇಲೆ, ಲಿವರಿನ ಪಕ್ಕದಲ್ಲಿ, ಕಪ್ಪು ಗೆರೆಯೊಂದು ಕಂಡಿತು. ಒಳಗೆ ರಕ್ತ ಸೋರುತ್ತಿತ್ತು. ತಕ್ಷಣ ಆಪರೇಷನ್ ಮಾಡಿದರು, ಬದುಕಿಕೊಂಡ.

ನಿನ್ನ ಕೊನೆಯ ದಿನ, ನೀನಿದ್ದ ವ್ಯಾನು ಮಗುಚಿದ ಮೇಲೆ, ನೀನೂ ಮನೆಗೆ ನಡೆದೇ ಬಂದೆ. ನಾನು ವಾಡಿಕೆಯಂತೆ ಮಂಡಿಯೂರಿ, ಹೇಗಿದ್ದೀಯಪ್ಪಾ ಎಂದು ಕೇಳಿದೆ. ಚೆನ್ನಾಗಿದ್ದೀನಿ ಎಂದೆ ನೀನು. ನಾನು ಎದ್ದು ಬಾಳೆಕಾಯಿ ಬೇಯಿಸಲು ಒಳಗೆ ಹೋದೆ.